ಕುಗ್ಗಿದ ಮನಸ್ಸಿಗೆ ಬುದ್ಧಿಯ ಸಾಮು

ಮೈಗೆ ಗರಡಿಯ ಸಾಮು ಉಂಟೆಂಬುದನ್ನು ಎಲ್ಲರೂ ಬಲ್ಲರು. ಬುದ್ಧಿಗೂ ಅಂತಹ ಸಾಮು ಉಂಟೆಂಬುದು ನಮ್ಮ ದೇಶಕ್ಕೆ ಹೊಸ ಮಾತಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು, ಬಾಯಿಲೆಕ್ಕ ಕೇಳುವುದು, ಅಮರಕೋಶವನ್ನು ಕಂಠಸ್ಥ ಮಾಡಿಸುವುದು, ವೇದದ ಪದಗಳನ್ನು ಜಟೆ ಘನಗಳ ಪ್ರಕಾರ ಹಿಂದುಮುಂದಾಗಿ ಹೇಳಿಸುವುದು, ಇವೆಲ್ಲವೂ ಬುದ್ಧಿಯ ಗರಡಿಮನೆಯ ವರಸೆಗಳೇ. ಆದರೆ ಈಚಿನ ವರ್ಷಗಳಲ್ಲಿ ಪಾಶ್ಚಾತ್ಯ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಇಂತಹ ಕೆಲವು ಸಾಮುಗಳನ್ನು ಗಣಕಯಂತ್ರದ ಮೇಲೆಯೋ ಮೊಬೈಲ್ ಫೋನಿನ ಮೇಲೆಯೋ ನಿಯಮದಿಂದ ಮಾಡಿಸಿದರೆ ಖಿನ್ನತೆಯೆಂಬ ಮನೋರೋಗಕ್ಕೆ ಅವು ಚಿಕಿತ್ಸೆಯ ಒಂದು ಅಂಗವಾಗಬಹುದೆಂದು ಹೇಳತೊಡಗಿದ್ದಾರೆ. ೨೦೨೪ನೆಯ ಇಸವಿಯಲ್ಲಿ ಅಮೆರಿಕದ ಸರ್ಕಾರವು ಅಂತಹುದೊಂದಕ್ಕೆ ಅನುಮತಿಯನ್ನೂ ಕೊಟ್ಟಿತು. ಇನ್ನೊಂದು ಕಡೆ, ‘ದಿನಕ್ಕೆ ಹತ್ತು ನಿಮಿಷ ಆಡಿರಿ, ಬುದ್ಧಿ ಚುರುಕಾಗುವುದು, ಮನಸ್ಸು ಹಗುರಾಗುವುದು’ ಎಂಬ ಜಾಹೀರಾತುಗಳಿಗೂ ಕೊರತೆಯಿಲ್ಲ. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು? ಮನೆಯಲ್ಲಿ ಒಬ್ಬರು ಕುಗ್ಗಿ ಕುಳಿತಿರುವಾಗ ಗೃಹಸ್ಥನು ಇದನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ವಾಚಕರೊಡನೆ ಕೂಡಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ದುಃಖವು ರೋಗವಲ್ಲ. ಹತ್ತಿರದವರು ತೀರಿಕೊಂಡಾಗ, ಬೆಳೆ ಕೆಟ್ಟಾಗ, ಮಗಳ ಮದುವೆ ಮುರಿದುಬಿದ್ದಾಗ ಮನಸ್ಸು ಮರುಗದಿದ್ದರೆ ಅದೇ ಆಶ್ಚರ್ಯ. ಖಿನ್ನತೆ ಬೇರೆಯ ವಸ್ತು. ದಿನದ ಬಹುಭಾಗ, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಗಳಿಗಿಂತ ಕಡಮೆಯಿಲ್ಲದೆ ಮನಸ್ಸು ಕುಗ್ಗಿರುವುದು, ಇಲ್ಲವೆ ಮೊದಲು ಹಿತವಾಗಿದ್ದುದು ಯಾವುದೂ ಹಿತವೆನಿಸದಿರುವುದು ಅದರ ಮುಖ್ಯ ಲಕ್ಷಣ. ಅದರೊಡನೆ ನಿದ್ರೆ ಕೆಡುವುದು, ಹಸಿವು ಕುಂದುವುದು, ಮೈ ಭಾರವಾಗುವುದು, ‘ನಾನು ಯಾತಕ್ಕೂ ಬಾರದವನು’ ಎಂಬ ಭಾವನೆ ಬೇರೂರುವುದು, ಕಡೆಗೆ ಬದುಕೇ ಬೇಡವೆನಿಸುವುದು, ಇವು ಸೇರಿಕೊಳ್ಳುತ್ತವೆ. ನಮ್ಮ ಹಿರಿಯರು ಇದರ ಬಲವನ್ನು ಅರಿಯದವರಾಗಿರಲಿಲ್ಲ. ರೋಗವನ್ನು ಬೆಳೆಸತಕ್ಕ ಸಂಗತಿಗಳಲ್ಲಿ ವಿಷಾದಕ್ಕೆ ಚರಕಸಂಹಿತೆಯು ಮೊದಲ ಸ್ಥಾನವನ್ನು ಕೊಟ್ಟಿದೆ. ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು.

ಈ ರೋಗವು ವಿರಳವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ನೆಯ ವರ್ಷಕ್ಕೆ ಹಾಕಿದ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು ೨೮ ಕೋಟಿ ಜನ ಖಿನ್ನರಾಗಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಿಂದ, ಪ್ರಾಯದವರಲ್ಲಿ ೨೦ ಮಂದಿಗೆ ಒಬ್ಬರಂತೆ ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ಗುರಿಯಾಗಿರುವರೆಂದು ತಿಳಿದುಬಂದಿತು. ಅದಕ್ಕಿಂತ ವ್ಯಸನಕರವಾದ ಅಂಶ ಇನ್ನೊಂದುಂಟು. ತೀವ್ರ ಖಿನ್ನತೆಯಿಂದ ನರಳುತ್ತಿದ್ದವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಅಂದರೆ ರೋಗವಿದೆ, ಮದ್ದಿದೆ, ಎರಡಕ್ಕೂ ಭೇಟಿಯಾಗಿಲ್ಲ.

ಈ ಭೇಟಿ ಏಕೆ ತಪ್ಪುತ್ತದೆ? ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಒಮ್ಮೆ ಕೇಳಿದ ಶ್ಲೋಕವನ್ನು ಮರುದಿನ ತಪ್ಪಿಲ್ಲದೆ ಒಪ್ಪಿಸುತ್ತಿದ್ದನು. ಶಬ್ದರೂಪಗಳು ಅವನ ನಾಲಗೆಯ ತುದಿಯಲ್ಲಿದ್ದವು. ಹತ್ತನೆಯ ತರಗತಿಯ ನಡುವರ್ಷದಲ್ಲಿ ಅವನು ಇದ್ದಕ್ಕಿದ್ದಂತೆ ಮಂಕಾದನು. ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ಮರೆಯುವನು. ಅರ್ಧ ಓದಿದ ವಾಕ್ಯವನ್ನು ಪುನಃ ಮೊದಲಿಂದ ಓದುವನು. ಗದರಿಸಿ ಕೇಳಿದಾಗ, “ಓದ್ತೀನಿ ಸಾರ್, ನಿಲ್ಲೋದಿಲ್ಲ” ಎಂದಷ್ಟೇ ಹೇಳಿದನು. “ಮನಸ್ಸಿಟ್ಟು ಓದಿದರೆ ಯಾಕಪ್ಪಾ ನಿಲ್ಲೋದಿಲ್ಲ?” ಎಂದು ನಾವು ಇಡೀ ತರಗತಿಯ ಎದುರಿಗೆ ಕೇಳಿ, ಅದೇ ಪಾಠವನ್ನು ಹತ್ತು ಸಲ ಬರೆದುಕೊಂಡು ಬರುವಂತೆ ವಿಧಿಸಿದೆವು. ಸೋಮಾರಿತನವೆಂದೂ, ವಯಸ್ಸಿನ ಚಾಪಲ್ಯವೆಂದೂ ಅವನ ತಂದೆಗೆ ಹೇಳಿಯೂ ಕಳುಹಿಸಿದೆವು. ಮನಸ್ಸಿಡುವ ಶಕ್ತಿಯೇ ರೋಗದಿಂದ ಕುಂದಬಹುದೆಂಬುದು ನಮಗೆ ಆಗ ಹೊಳೆಯಲಿಲ್ಲ.

ಖಿನ್ನತೆಯು ಅಳುವಿನ ರೋಗ ಮಾತ್ರವೆಂದು ತಿಳಿಯುವವರೇ ಬಹಳ. ಅದು ಬುದ್ಧಿಯ ಹಿಡಿತವನ್ನೂ ಸಡಿಲಿಸುತ್ತದೆ. ಗಮನವು ಚದರುತ್ತದೆ, ಚಿಕ್ಕ ನಿರ್ಧಾರವೂ ಬೆಟ್ಟವಾಗುತ್ತದೆ, ಒಲೆಯ ಮೇಲೆ ಹಾಲಿಟ್ಟುದು ಮರೆಯುತ್ತದೆ, ಅಂಗಡಿಗೆ ಹೋದವರು ಏತಕ್ಕೆ ಬಂದೆವೆಂದು ನಿಂತುಬಿಡುತ್ತಾರೆ. ಕೈಯಲ್ಲಿ ಹಿಡಿದಿರುವ ಕೆಲಸಕ್ಕೆ ಬೇಕಾದ ನಾಲ್ಕಾರು ಸಂಗತಿಗಳನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಎತ್ತಿಹಿಡಿದಿರುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಪ್ರತ್ಯೇಕವಾಗಿ ಎಣಿಸುತ್ತಾರೆ. ಅದನ್ನು ನಾವು ಇಲ್ಲಿ ಕಾರ್ಯಸ್ಮೃತಿಯೆಂದು ಕರೆಯೋಣ. ಖಿನ್ನತೆಯಲ್ಲಿ ಪೆಟ್ಟು ತಿನ್ನುವ ಶಕ್ತಿಗಳಲ್ಲಿ ಇದೂ ಒಂದು. ಮನಸ್ಸಿನ ದುಃಖ ಇಳಿದ ಮೇಲೂ ಕೆಲವರಲ್ಲಿ ಈ ಕುಂದು ಉಳಿದುಕೊಳ್ಳುವುದುಂಟು.

ಇದರ ಮೂಲವನ್ನು ಹುಡುಕಿದವರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಗ್ರೆಗ್ ಸೀಗಲ್ ಎಂಬವರು ಒಬ್ಬರು. ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಬೀಜದ ಆಕಾರದ ಒಂದು ಸಣ್ಣ ಅಂಗವಿದೆ. ಅದಕ್ಕೆ ಅಮಿಗ್ಡಲ ಎಂದು ಹೆಸರು. ಭಯ, ಸಂಕಟ ಮುಂತಾದ ಭಾವಗಳು ಏಳುವಾಗ ಅದು ಚುರುಕಾಗಿ ಕೆಲಸಮಾಡುತ್ತದೆ. ಹಣೆಯ ಹಿಂದಿರುವ ಮುಂಮಿದುಳು ಅದನ್ನು ಹದ್ದಿನಲ್ಲಿಡತಕ್ಕ ಯಜಮಾನನಂತೆ. ಗಮನ, ವಿವೇಚನೆ, ಕಾರ್ಯಸ್ಮೃತಿಗಳೂ ಬಹುಮಟ್ಟಿಗೆ ಅದರ ಆಡಳಿತಕ್ಕೆ ಸೇರಿದವು. ೨೦೦೨ರಲ್ಲಿ ಸೀಗಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಜನರಿಗೆ ನೋವಿನ ಮಾತೊಂದನ್ನು ತೋರಿಸಿ, ಒಡನೆಯೇ ಭಾವಕ್ಕೆ ಸಂಬಂಧವಿಲ್ಲದ ಬೇರೊಂದು ಕೆಲಸವನ್ನು ಕೊಟ್ಟು, ಮಿದುಳಿನ ಚಿತ್ರವನ್ನು ತೆಗೆದರು. ಆರೋಗ್ಯವಂತರಲ್ಲಿ ಅಮಿಗ್ಡಲದ ಕಳವಳವು ಸುಮಾರು ೧೦ ಸೆಕೆಂಡುಗಳೊಳಗೆ ಶಮನವಾಯಿತು. ಖಿನ್ನರಲ್ಲಿ ಅದು ೨೫ ಸೆಕೆಂಡುಗಳಾದರೂ ಇಳಿಯದೆ, ಮುಂದಿನ ಕೆಲಸದ ನಡುವೆಯೂ ಹೊಗೆಯಾಡುತ್ತಲೇ ಇತ್ತು. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ. ಆದರೂ ಅದರಿಂದ ದೊರೆತ ಸೂಚನೆ ದೊಡ್ಡದು. ನೋವು ಎಲ್ಲರಿಗೂ ತಟ್ಟುತ್ತದೆ. ಖಿನ್ನನಿಗೆ ಅದು ತಟ್ಟಿದ ಮೇಲೆ ಬಿಟ್ಟುಹೋಗುವುದಿಲ್ಲ.

ಇದಕ್ಕೊಂದು ಹೋಲಿಕೆಯನ್ನು ಹೇಳಬಹುದು. ಅಷ್ಟಾವಧಾನವನ್ನು ನೋಡಿದ ವಾಚಕರು ಅಪ್ರಸ್ತುತ ಪ್ರಸಂಗಿಯನ್ನು ಬಲ್ಲರು. ಅವಧಾನಿಯು ಒಬ್ಬರ ಸಮಸ್ಯೆಯನ್ನು ಪೂರಣಮಾಡುತ್ತ, ಇನ್ನೊಬ್ಬರು ಕೊಟ್ಟ ಛಂದಸ್ಸಿನಲ್ಲಿ ಪದ್ಯದ ಪಾದವನ್ನು ಹವಣಿಸುತ್ತಿರುವಾಗ, ಈ ಮಹಾಶಯನು ನಡುನಡುವೆ ಬಾಯಿಹಾಕಿ ಸಂಬಂಧವಿಲ್ಲದ ಮಾತುಗಳನ್ನಾಡಿ ಅವನ ಚಿತ್ತವನ್ನು ಕದಡುತ್ತಾನೆ. ಅವಧಾನಿಯು ಅವನಿಗೊಂದು ಉತ್ತರವನ್ನು ಕೊಟ್ಟು, ಪದ್ಯದ ಎಳೆಯನ್ನು ಕೈಬಿಡದೆ ಮುಂದುವರಿಯಬೇಕು. ಖಿನ್ನನಾದವನ ಅಂತರಂಗದಲ್ಲಿ ಇಂತಹ ಅಪ್ರಸ್ತುತ ಪ್ರಸಂಗಿಯೊಬ್ಬನು ಹಗಲಿರುಳೂ ಕುಳಿತಿರುತ್ತಾನೆ. ‘ನೀನು ಕೆಟ್ಟೆ, ಎಲ್ಲವೂ ನಿನ್ನಿಂದಲೇ ಕೆಟ್ಟಿತು’ ಎಂದು ಅವನು ಒಂದೇ ಮಾತನ್ನು ಮರಳಿ ಮರಳಿ ಹೇಳುತ್ತಾನೆ. ರೋಗಿಯು ಅವನಿಗೆ ಉತ್ತರ ಕೊಡುವುದರಲ್ಲಿಯೇ ಸೋತು, ಕೈಯಲ್ಲಿದ್ದ ಬದುಕಿನ ಎಳೆಯನ್ನು ಬಿಟ್ಟುಬಿಡುತ್ತಾನೆ. ನಾವು ಈಗ ಹೇಳಲಿರುವ ಸಾಮುಗಳ ಗುರಿ, ಆ ಎಳೆಯನ್ನು ಹಿಡಿಯುವ ಬೆರಳುಗಳಿಗೆ ಬಲ ತುಂಬುವುದು.

ಮೊದಲನೆಯ ಸಾಮು ಬಾಯಿಲೆಕ್ಕದ್ದು. ನ್ಯೂಜಿಲೆಂಡಿನ ಡೊರೊತಿ ಗ್ರೊನ್ವಾಲ್ ಎಂಬ ಮನಶ್ಶಾಸ್ತ್ರಜ್ಞೆಯು ತಲೆಗೆ ಪೆಟ್ಟು ಬಿದ್ದವರ ಚೇತರಿಕೆಯನ್ನು ಅಳೆಯುವುದಕ್ಕಾಗಿ ಇದನ್ನು ಬಳಕೆಗೆ ತಂದು, ೧೯೭೭ರಲ್ಲಿ ಇದರ ವಿವರವನ್ನು ಪ್ರಕಟಿಸಿದರು. ಒಂದಾದ ಮೇಲೊಂದರಂತೆ ಒಂಟಿ ಅಂಕಿಗಳು ಕೇಳಿಬರುತ್ತವೆ. ಕೇಳುವವನು ಪ್ರತಿಯೊಂದು ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಿಸಿ ಹೇಳಬೇಕು. ೩ ಎಂದಿತು, ೫ ಎಂದಿತು, ಉತ್ತರ ೮. ಮುಂದೆ ೨ ಎಂದಿತು. ಈಗ ಐದಕ್ಕೆ ಎರಡು ಕೂಡಿಸಿ ೭ ಎನ್ನಬೇಕು. ಮುಂದೆ ೬ ಎಂದಿತು; ಉತ್ತರ ೮. ಇದೇನು ಮಕ್ಕಳ ಲೆಕ್ಕವೆಂದು ನಗುವವರು ಮನೆಯಲ್ಲಿ ಒಬ್ಬರಿಂದ ಅಂಕಿಗಳನ್ನು ಹೇಳಿಸಿಕೊಂಡು ಪರೀಕ್ಷಿಸಿ ನೋಡಬಹುದು. ಹತ್ತು ಅಂಕಿಗಳಾಗುವುದರೊಳಗೆ, ತಾನು ಈಗತಾನೆ ಹೇಳಿದ ಮೊತ್ತಕ್ಕೇ ಹೊಸ ಅಂಕಿಯನ್ನು ಕೂಡಿಸಿ ತಪ್ಪುವವರೇ ಹೆಚ್ಚು. ಕಷ್ಟವು ಕೂಡಿಸುವುದರಲ್ಲಿಲ್ಲ, ತನ್ನ ಬಾಯಿಂದಲೇ ಬಂದ ಮಾತನ್ನು ಬಿಟ್ಟು ಹೊರಗಿನಿಂದ ಬಂದ ಅಂಕಿಯನ್ನು ಹಿಡಿಯುವುದರಲ್ಲಿದೆ. ಖಿನ್ನನ ಅವಸ್ಥೆಯೂ ಇದೇ ಅಲ್ಲವೆ? ಲೋಕವು ಹೊಸ ಅಂಕಿಯನ್ನು ಹೇಳುತ್ತಿದ್ದರೂ ಅವನು ತನ್ನ ಹಳೆಯ ಮೊತ್ತಕ್ಕೇ ಕೂಡಿಸುತ್ತ ಹೋಗುತ್ತಾನೆ.

ಸೀಗಲ್ ಅವರು ಈ ಲೆಕ್ಕವನ್ನು ಚಿಕಿತ್ಸೆಯಾಗಿ ಮಾರ್ಪಡಿಸಿದರು. ಸರಿಯುತ್ತರಗಳು ಬಂದಂತೆ ಅಂಕಿಗಳು ಬೇಗಬೇಗನೆ ಬರುವುವು, ತಪ್ಪಿದಂತೆ ನಿಧಾನವಾಗುವುವು. ಆದ್ದರಿಂದ ಯಾರಿಗೂ ಅದು ತೀರ ಸುಲಭವೂ ಆಗದು, ಕೈಗೆಟುಕದಷ್ಟು ಕಠಿಣವೂ ಆಗದು. ಆದರೂ ತಪ್ಪು ಆಗುತ್ತದೆ, ಬೇಸರ ಬರುತ್ತದೆ. ಆ ಬೇಸರದ ನಡುವೆಯೇ ಮುಂದಿನ ಅಂಕಿಗೆ ಕಿವಿಗೊಡಬೇಕು. ಇಲ್ಲಿಯೇ ಇದರ ತಿರುಳಿರುವುದು. ಇದರ ಜೊತೆಗೆ ಹಲವು ಶಬ್ದಗಳು ಒಟ್ಟಿಗೆ ಕೇಳಿಸುತ್ತಿರುವಾಗ ಒಂದನ್ನೇ ಆರಿಸಿ ಆಲಿಸುವ, ಅನಂತರ ಮತ್ತೊಂದಕ್ಕೆ ಗಮನವನ್ನು ತಿರುಗಿಸುವ ಅಭ್ಯಾಸವನ್ನೂ ಮಾಡಿಸಿದರು. ಇಂಗ್ಲೆಂಡಿನ ಏಡ್ರಿಯನ್ ವೆಲ್ಸ್ ಎಂಬವರು ರೂಪಿಸಿದ ಈ ಅಭ್ಯಾಸವು ನಮಗೆ ಅವಧಾನದ ಘಂಟಾಗಣನವನ್ನು ನೆನಪಿಗೆ ತರುತ್ತದೆ. ೨೦೦೭ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ರೂಢಿಯ ಚಿಕಿತ್ಸೆಯ ಜೊತೆಗೆ ಎರಡು ವಾರ ಈ ಸಾಮನ್ನು ಮಾಡಿದವರು, ರೂಢಿಯ ಚಿಕಿತ್ಸೆಯನ್ನು ಮಾತ್ರ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಒಂದನ್ನೇ ಮೆಲುಕುಹಾಕುವ ಅಭ್ಯಾಸವೂ ಅವರಲ್ಲಿ ತಗ್ಗಿತು. ಅನಂತರ ಬೆಲ್ಜಿಯಮ್ ದೇಶದ ಗೆಂಟ್ ವಿಶ್ವವಿದ್ಯಾನಿಲಯದ ಹೋರೆಲ್ಬೆಕೆ ಮತ್ತು ಕೋಸ್ಟರ್ ಎಂಬವರು, ಖಿನ್ನತೆಯಿಂದ ಒಮ್ಮೆ ಗುಣಹೊಂದಿದ್ದ ೬೮ ಮಂದಿಗೆ ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಅಭ್ಯಾಸಮಾಡಿಸಿ ೨೦೧೭ರಲ್ಲಿ ಫಲವನ್ನು ತಿಳಿಸಿದರು. ಅಂಕಿಯ ಸಾಮನ್ನು ಮಾಡಿದವರಲ್ಲಿ ಮೆಲುಕುಹಾಕುವುದೂ ಉಳಿದಿದ್ದ ರೋಗಲಕ್ಷಣಗಳೂ ಕಡಮೆಯಾಗಿದ್ದವು.

ಎರಡನೆಯ ಸಾಮು ಮುಖಗಳದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಶಾಲೆಯಲ್ಲಿ ಬ್ರಯನ್ ಯಾಕೊವಿಯೆಲ್ಲೊ, ಡೆನ್ನಿಸ್ ಚಾರ್ನಿ ಮೊದಲಾದವರು ಇದನ್ನು ಕಲ್ಪಿಸಿ ೨೦೧೪ರಲ್ಲಿ ಮೊದಲ ವರದಿಯನ್ನು ಹೊರಡಿಸಿದರು. ಪರದೆಯ ಮೇಲೆ ಒಂದಾದ ಮೇಲೊಂದು ಮುಖ ಕಾಣಿಸುತ್ತದೆ. ಒಂದು ನಗುವ ಮುಖ, ಒಂದು ಅಳುವ ಮುಖ, ಒಂದು ಸಿಟ್ಟಿನ ಮುಖ. ನೋಡುವವನು ಪ್ರತಿಯೊಂದರ ಭಾವವನ್ನೂ ಗುರುತಿಸಿ, ಈಗಿನ ಮುಖದ ಭಾವವು ಒಂದೋ ಎರಡೋ ಮೂರೋ ಮುಖಗಳ ಹಿಂದೆ ಕಂಡ ಮುಖದ ಭಾವದೊಡನೆ ಹೊಂದುವುದೆ ಇಲ್ಲವೆ ಎಂದು ಹೇಳಬೇಕು. ಚೆನ್ನಾಗಿ ಹೇಳಿದಂತೆಲ್ಲ ನೆನಪಿಡಬೇಕಾದ ದೂರವೂ ಹೆಚ್ಚುತ್ತದೆ. ಭಾವವನ್ನು ಗುರುತಿಸುವಾಗ ಅಮಿಗ್ಡಲಕ್ಕೆ ಕೆಲಸ. ನೆನಪಿಡುವಾಗ ಮುಂಮಿದುಳಿಗೆ ಕೆಲಸ. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿ ನಡಸಿದರೆ, ಯಜಮಾನನಿಗೂ ಆಳಿಗೂ ಕಡಿದುಹೋಗಿದ್ದ ಸಂಬಂಧವು ಮತ್ತೆ ಕೂಡೀತೆಂಬುದು ಇವರ ಯುಕ್ತಿ.

ಒಟ್ಸುಕ ಎಂಬ ಔಷಧ ಸಂಸ್ಥೆಯೂ ಕ್ಲಿಕ್ ಥೆರಪ್ಯೂಟಿಕ್ಸ್ ಎಂಬ ಸಂಸ್ಥೆಯೂ ಕೂಡಿ ಇದನ್ನು ರಿಜಾಯ್ನ್ ಎಂಬ ಹೆಸರಿನ ಮೊಬೈಲ್ ಚಿಕಿತ್ಸೆಯಾಗಿ ಸಿದ್ಧಪಡಿಸಿದುವು. ಮುಖಗಳ ಸಾಮಿನ ಜೊತೆಗೆ, ಕೆಟ್ಟ ಯೋಚನೆಗಳನ್ನು ಪರೀಕ್ಷಿಸಿ ನೋಡುವುದನ್ನು ಕಲಿಸುವ ಕಿರುಪಾಠಗಳೂ ಇದರಲ್ಲಿವೆ. ಅವಧಿ ಆರು ವಾರ. ಖಿನ್ನತೆಯ ಔಷಧವನ್ನು ಸೇವಿಸುತ್ತಿದ್ದರೂ ಪೂರ್ತಿ ಗುಣಕಾಣದಿದ್ದ, ೨೨ರಿಂದ ೬೪ ವರ್ಷ ವಯಸ್ಸಿನ ೩೮೬ ಮಂದಿಯ ಮೇಲೆ ಪರೀಕ್ಷೆ ನಡೆಯಿತು. ಅವರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ನಿಜವಾದ ಸಾಮನ್ನೂ, ಇನ್ನೊಂದಕ್ಕೆ ನೋಡಲು ಹಾಗೆಯೇ ಇದ್ದು ಆಕೃತಿಗಳನ್ನು ನೆನಪಿಡುವ ಸಾಧಾರಣ ಅಭ್ಯಾಸವನ್ನೂ ಕೊಟ್ಟರು. ರೋಗದ ತೀವ್ರತೆಯನ್ನು ೬೦ ಅಂಕಗಳ ಒಂದು ಮಾನದಿಂದ ಅಳೆದಾಗ, ಆರು ವಾರಗಳ ಅಂತ್ಯಕ್ಕೆ ಮೊದಲ ಪಂಗಡದಲ್ಲಿ ಸರಾಸರಿ ಸುಮಾರು ೯ ಅಂಕಗಳೂ ಎರಡನೆಯದರಲ್ಲಿ ಸುಮಾರು ೭ ಅಂಕಗಳೂ ಇಳಿದಿದ್ದವು. ಮೊದಲೇ ಗೊತ್ತುಮಾಡಿದ್ದ ಮುಖ್ಯ ಗಣನೆಯಲ್ಲಿ ಈ ಅಂತರವು ಗಣಿತಜ್ಞರು ಒಪ್ಪುವ ಗೆರೆಗೆ ಕೂದಲೆಳೆಯಷ್ಟು ಈಚೆಯೇ ನಿಂತಿತು. ಪಂಗಡಗಳಿಗೆ ಸೇರಿಸಿದವರೆಲ್ಲರನ್ನೂ ಎಣಿಸಿದಾಗ ಗೆರೆಯನ್ನು ದಾಟಿತು. ಸಾಮಿನಿಂದ ಕೇಡೇನೂ ಆದಂತೆ ಕಾಣಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ೨೦೨೪ರ ಮಾರ್ಚ್ ತಿಂಗಳ ಕೊನೆಯಲ್ಲಿ ಇದಕ್ಕೆ ಅನುಮತಿಯಿತ್ತಿತು. ಆದರೆ ಅನುಮತಿಯ ಕಟ್ಟನ್ನು ಗಮನಿಸಬೇಕು: ೨೨ ವರ್ಷ ದಾಟಿದವರಿಗೆ, ವೈದ್ಯರ ಚೀಟಿಯ ಮೇಲೆ, ಔಷಧದ ಜೊತೆಗೆ. ಔಷಧದ ಬದಲಿಗೆ ಎಂದು ಅಲ್ಲಿ ಹೇಳಿಲ್ಲ.

ಈ ಅಂಕಗಳು ವಿವೇಕಿಗೆ ಎರಡು ಪಾಠಗಳನ್ನು ಹೇಳುತ್ತವೆ. ಸಾಮಿನಿಂದಲೇ ಬಂದ ಹೆಚ್ಚಿನ ಲಾಭವು ಎರಡು ಅಂಕಗಳ ಸುತ್ತಿನಲ್ಲಿದೆ. ಅದು ಅಲ್ಪ, ಆದರೆ ಶೂನ್ಯವಲ್ಲ. ಎರಡನೆಯದಾಗಿ, ಸಾಧಾರಣ ಅಭ್ಯಾಸವನ್ನು ಮಾಡಿದವರಿಗೂ ಏಳು ಅಂಕಗಳಷ್ಟು ಹಗುರಾಯಿತಲ್ಲ, ಅದು ಎಲ್ಲಿಂದ ಬಂದಿತು? ಅವರು ಸೇವಿಸುತ್ತಿದ್ದ ಔಷಧ, ಕಾಲವು ತಾನೇ ತರುವ ಚೇತರಿಕೆ, ಗೊತ್ತಾದ ಹೊತ್ತಿಗೆ ಮಾಡುವ ಒಂದು ಕೆಲಸ, ತನ್ನನ್ನು ವಿಚಾರಿಸುವವರಿದ್ದಾರೆಂಬ ಧೈರ್ಯ, ಗುಣವಾದೀತೆಂಬ ಆಸೆ, ಇವುಗಳೆಲ್ಲದರ ಪಾಲೂ ಅದರಲ್ಲಿರಬಹುದು. ಇವುಗಳಲ್ಲಿ ಕೆಲವನ್ನು ಮನೆಯವರೂ ಕೊಡಬಲ್ಲರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ವೃದ್ಧರ ವಿಷಯದಲ್ಲಿಯೂ ಒಂದು ಪ್ರಯತ್ನವಾಗಿದೆ. ಔಷಧಗಳಿಗೆ ಬಗ್ಗದ ಖಿನ್ನತೆಯುಳ್ಳ ೧೧ ಮಂದಿ ವಯೋವೃದ್ಧರಿಗೆ ಅಮೆರಿಕದ ಕಾರ್ನೆಲ್ ವೈದ್ಯಶಾಲೆಯ ಮೊರಿಮೊಟೊ, ಅಲೆಕ್ಸೊಪೊಲಸ್ ಮೊದಲಾದವರು ನಾಲ್ಕು ವಾರ ಗಣಕಯಂತ್ರದ ಸಾಮು ಮಾಡಿಸಿ, ಹಿಂದೆ ಎಸ್ಸಿಟಲೊಪ್ರಾಮ್ ಎಂಬ ಔಷಧವನ್ನು ಹನ್ನೆರಡು ವಾರ ಸೇವಿಸಿದ್ದ ೩೩ ಮಂದಿಯೊಡನೆ ಹೋಲಿಸಿ ೨೦೧೪ರಲ್ಲಿ ಪ್ರಕಟಿಸಿದರು. ಖಿನ್ನತೆಯನ್ನು ಇಳಿಸುವುದರಲ್ಲಿ ಎರಡೂ ಸಮನಾಗಿ ಕಂಡುಬಂದುವು; ಸಾಮು ಬೇಗನೆ ಫಲಕೊಟ್ಟಿತು. ಕೇಳಲು ಹಿತವಾದ ಸುದ್ದಿ. ಆದರೆ ಹನ್ನೊಂದು ಮಂದಿ ಎಂದರೆ ಒಂದು ಪಂಕ್ತಿಗೂ ಸಾಲದು. ಹೋಲಿಸಿದವರೂ ಒಂದೇ ಕಾಲದಲ್ಲಿ ಪರೀಕ್ಷೆಗೆ ಒಳಗಾದವರಲ್ಲ. ಇದು ಮುಂದಿನ ಶೋಧಕ್ಕೆ ದಾರಿಯೇ ಹೊರತು ಸಿದ್ಧಾಂತವಲ್ಲ.

ಇನ್ನು ನಾಣ್ಯದ ಮತ್ತೊಂದು ಮುಖವನ್ನು ನೋಡೋಣ. ಸಾಮಾನ್ಯ ಜನರಿಗೆ ಮಾರಾಟವಾಗುವ ಬುದ್ಧಿಯ ಆಟಗಳಿಂದ ಬುದ್ಧಿ ಬೆಳೆಯುವುದೇ ಎಂದು ಪರೀಕ್ಷಿಸಲು, ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಬಿ.ಬಿ.ಸಿ. ಸಂಸ್ಥೆಯ ನೆರವಿನಿಂದ ೧೧,೪೩೦ ಮಂದಿಗೆ ಆರು ವಾರ ಅಭ್ಯಾಸಮಾಡಿಸಿದರು. ೨೦೧೦ರಲ್ಲಿ ಹೊರಬಂದ ಫಲವು ಸ್ಪಷ್ಟವಾಗಿತ್ತು: ಯಾವ ಆಟವನ್ನು ಆಡಿದರೋ ಅದರಲ್ಲಿ ನಿಪುಣರಾದರು, ಅದನ್ನು ಬಲುಮಟ್ಟಿಗೆ ಹೋಲುವ ಬೇರೆ ಕೆಲಸಕ್ಕೂ ಆ ನೈಪುಣ್ಯವು ಹರಿಯಲಿಲ್ಲ. ಸಂಸ್ಕೃತ ಪಾಠಶಾಲೆಗಳನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಘನಪಾಠವನ್ನು ನಿರರ್ಗಳವಾಗಿ ಹೇಳಬಲ್ಲ ಮಹಾವಿದ್ವಾಂಸರು ಮನೆಗೆ ಬಂದು ಕನ್ನಡಕವನ್ನು ಎಲ್ಲಿಟ್ಟೆನೆಂದು ಹೆಂಡತಿಯನ್ನು ಕೇಳುವುದುಂಟು. ಲುಮಾಸಿಟಿ ಎಂಬ ಹೆಸರಿನ ಆಟಗಳನ್ನು ಮಾರುತ್ತಿದ್ದ ಅಮೆರಿಕದ ಸಂಸ್ಥೆಯು, ಇವುಗಳಿಂದ ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಏಳಿಗೆಯಾಗುವುದು, ಮುಪ್ಪಿನ ಮರೆವು ದೂರವಾಗುವುದು ಎಂದು ಜಾಹೀರು ಮಾಡಿದ್ದಕ್ಕೆ ಸಾಕಷ್ಟು ಆಧಾರವಿಲ್ಲವೆಂಬ ಆಪಾದನೆಯ ಮೇಲೆ, ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ರಾಜಿಮಾಡಿಕೊಂಡು ೨೦೧೬ರಲ್ಲಿ ೨೦ ಲಕ್ಷ ಡಾಲರುಗಳನ್ನು ತೆರಬೇಕಾಯಿತು.

ಹಾಗಾದರೆ ಖಿನ್ನನಿಗೆ ಮಾತ್ರ ಫಲವು ಹೇಗೆ ಬಂದೀತೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆರೋಗ್ಯವಂತನ ಕಾಲಿಗೆ ಊರುಗೋಲಿನಿಂದ ಬರುವ ಲಾಭವೇನೂ ಇಲ್ಲ; ಮೂಳೆ ಮುರಿದು ಕೂಡಿಕೊಳ್ಳುತ್ತಿರುವವನಿಗೆ ಉಂಟು. ಕುಂದಿದ ಶಕ್ತಿಯನ್ನು ಅದರ ಮೊದಲಿನ ಮಟ್ಟಕ್ಕೆ ತರುವುದು ಬೇರೆ, ಇರುವ ಶಕ್ತಿಯನ್ನು ಇಮ್ಮಡಿ ಮಾಡುವುದು ಬೇರೆ. ೨೦೧೬ರಲ್ಲಿ ಮೋಟರ್ ಎಂಬವರೂ ಅವರ ಸಂಗಡಿಗರೂ ಖಿನ್ನರ ಮೇಲೆ ಅದುವರೆಗೆ ನಡೆದಿದ್ದ ಒಂಬತ್ತು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದಾಗ, ಗಮನವೂ ಕಾರ್ಯಸ್ಮೃತಿಯೂ ಗಮನಾರ್ಹವಾಗಿ ಸುಧಾರಿಸಿದ್ದುವು, ರೋಗಲಕ್ಷಣಗಳು ಸ್ವಲ್ಪಮಟ್ಟಿಗೆ ಇಳಿದಿದ್ದುವು, ನಿತ್ಯದ ಕೆಲಸಕಾರ್ಯಗಳೂ ಮೇಲಾಗಿದ್ದುವು. ಆದರೆ ಮಾತಿನ ಮೂಲಕ ಕಲಿತುದನ್ನು ನೆನಪಿಡುವುದು ಸುಧಾರಿಸಿರಲಿಲ್ಲ. ಆದ್ದರಿಂದ ಪೂರ್ತಿ ಅಲ್ಲಗಳೆಯುವುದೂ ಸಲ್ಲದು, ಪೂರ್ತಿ ಮರುಳಾಗುವುದೂ ಸಲ್ಲದು.

ಇದರಿಂದ ಗೃಹಸ್ಥನು ಕೈಗೊಳ್ಳಬೇಕಾದ ನಡತೆ ಸ್ಪಷ್ಟವಾಗುತ್ತದೆ. ಮೊದಲನೆಯದು, ವೈದ್ಯರನ್ನು ಕಾಣುವುದು. ಮನೆಯಲ್ಲಿ ಹೆಂಡತಿಯೋ ತಂದೆಯೋ ಮಗನೋ ಎರಡು ವಾರಗಳಿಂದ ಕುಗ್ಗಿದ್ದರೆ, ಫೋನಿನಲ್ಲಿ ಆಟವನ್ನು ಹುಡುಕುವುದಕ್ಕೆ ಮುಂಚೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಹೈಪೋಥೈರಾಯಿಡ್ ಮುಂತಾದ ದೇಹದ ರೋಗಗಳೂ ಇದೇ ವೇಷವನ್ನು ಹಾಕಿ ಬರುವುದುಂಟು. ಅದನ್ನು ಗುರುತಿಸಲು ವೈದ್ಯರೇ ಬೇಕು. ಮನೋವೈದ್ಯರು ಪಟ್ಟಣದಲ್ಲಿ ಮಾತ್ರ ಇರುವರೆಂದು ಕೈಚೆಲ್ಲಬೇಕಾಗಿಲ್ಲ. ಹಿಂದೆ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕುಗ್ಗಿದವರು ಸಾವಿನ ಮಾತನ್ನಾಡಿದರೆ ಅದನ್ನು ಬೆದರಿಕೆಯೆಂದೋ ಹಠವೆಂದೋ ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೆ ಸಹಾಯ ಪಡೆಯಬೇಕು. ಅಲ್ಲಿ ಯಾವ ಸಾಮಿಗೂ ಸ್ಥಳವಿಲ್ಲ.

ಎರಡನೆಯದು, ನಡೆಯುತ್ತಿರುವ ಔಷಧವನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸದಿರುವುದು. ಫೋನಿನ ಚಿಕಿತ್ಸೆಗೆ ಮಾತ್ರೆಯ ಕಹಿಯಿಲ್ಲ, ‘ಹುಚ್ಚಿನ ಡಾಕ್ಟರ ಹತ್ತಿರ ಹೋದರು’ ಎಂಬ ನೆರೆಹೊರೆಯ ಮಾತಿನ ಭಯವಿಲ್ಲ. ಆದುದರಿಂದಲೇ ಅದರ ಮೋಹ ಹೆಚ್ಚು. ಆ ಮೋಹಕ್ಕೆ ಒಳಗಾಗಿ ಮೂಲ ಚಿಕಿತ್ಸೆಯನ್ನು ಬಿಟ್ಟರೆ ಹಾನಿ ಖಂಡಿತ. ಚದುರಂಗ, ಪದಬಂಧ, ಸುಡೊಕುಗಳು ಬಿಡುವಿನ ವಿನೋದಕ್ಕೆ ಒಳ್ಳೆಯವೇ. ಅವುಗಳನ್ನು ಚಿಕಿತ್ಸೆಯೆಂದು ತಿಳಿಯಬಾರದು.

ಮೂರನೆಯದು, ವೈದ್ಯರು ಇಂತಹ ಸಾಮನ್ನು ಹೇಳಿದ್ದೇ ಆದರೆ ಮನೆಯವರು ಜೊತೆಗಾರರಾಗಬೇಕು. ಇವುಗಳಿಗಿರುವ ದೊಡ್ಡ ಶತ್ರುವೆಂದರೆ ನಡುವೆ ಬಿಟ್ಟುಬಿಡುವುದು. ಅಮೆರಿಕದಲ್ಲಿ ಖಿನ್ನತೆಯ ಫೋನ್ ಚಿಕಿತ್ಸೆಗಳನ್ನು ಹೋಲಿಸಿ ೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಹೇಳಿದ ಪ್ರಕಾರ ಬಳಸದಿದ್ದವರೇ ಹೆಚ್ಚಾಗಿದ್ದರು. ಆರಂಭಿಸುವ ಶಕ್ತಿಯನ್ನೇ ಕಸಿದುಕೊಳ್ಳುವ ರೋಗದಲ್ಲಿ ‘ನೀನೇ ದಿನವೂ ಮಾಡಿಕೋ’ ಎಂದರೆ ಆಗುವುದೆ? ಗೊತ್ತಾದ ಹೊತ್ತು, ಗದ್ದಲವಿಲ್ಲದ ಮೂಲೆ, ಪಕ್ಕದಲ್ಲಿ ಒಬ್ಬರು ಸುಮ್ಮನೆ ಕುಳಿತಿರುವುದು, ಇಷ್ಟು ಬೇಕು. ‘ಇವತ್ತು ಎಷ್ಟು ಬಂತು? ನಿನ್ನೆಗಿಂತ ಕಮ್ಮಿಯೇ?’ ಎಂದು ಅಂಕಗಳನ್ನು ಕೇಳಬಾರದು. ತಪ್ಪುವುದು ಆ ಸಾಮಿನ ಸ್ವಭಾವ. ಅದನ್ನು ಪರೀಕ್ಷೆಯನ್ನಾಗಿ ಮಾಡಿದರೆ ಒಳಗಿನ ಅಪ್ರಸ್ತುತ ಪ್ರಸಂಗಿಯ ಕೈಗೆ ನಾವೇ ಹೊಸ ಮಾತನ್ನು ಕೊಟ್ಟಂತಾಗುತ್ತದೆ.

ಈ ಕಡೆಯ ಮಾತನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. ಹತ್ತು ಸಲ ಬರೆಯೆಂದು ಆ ಹುಡುಗನಿಗೆ ವಿಧಿಸಿದಾಗ ನಾವು ಮಾಡಿದ್ದು ಅದನ್ನೇ. ಅವನ ತಂದೆಯು ನಮ್ಮ ಮಾತನ್ನು ನಂಬಿ ಇನ್ನಷ್ಟು ಗದರಿಸಿದರಂತೆ. ತಾಯಿಯೊಬ್ಬಳು ಮಾತ್ರ, “ನನ್ನ ಮಗ ಸೋಮಾರಿ ಅಲ್ಲ, ಅವನಿಗೇನೋ ಆಗಿದೆ” ಎಂದು ಹಟಹಿಡಿದು, ಬಸ್ಸು ಹತ್ತಿಸಿ ಪಟ್ಟಣದ ವೈದ್ಯರ ಬಳಿಗೆ ಕರೆದೊಯ್ದಳು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ; ಮಾರನೆಯ ವರ್ಷ ಕುಳಿತನು, ತೇರ್ಗಡೆಯಾದನು. ಬಹಳ ವರ್ಷಗಳ ಮೇಲೆ ಒಂದು ಮದುವೆಮನೆಯಲ್ಲಿ ಎದುರಾಗಿ, ನಮಸ್ಕಾರಮಾಡಿ, “ಆಗ ನೀವು ಹೇಳಿದ್ದೆಲ್ಲಾ ಕೇಳಿಸ್ತಿತ್ತು ಸಾರ್, ಹಿಡಿದಿಟ್ಟುಕೊಳ್ಳೋಕ್ಕೆ ಆಗ್ತಿರಲಿಲ್ಲ ಅಷ್ಟೆ” ಎಂದನು. ಅವನ ಮಾತಿನಲ್ಲಿ ದೂರು ಇರಲಿಲ್ಲ. ನಮಗೆ ಮಾತ್ರ ಉತ್ತರ ಹೊರಡಲಿಲ್ಲ.

ಪಿಟ್ಸ್‌ಬರ್ಗಿನ ವಿದ್ವಾಂಸರು ಯಂತ್ರದಿಂದ ಕಂಡುಹಿಡಿದುದನ್ನು ಅಕ್ಷರವರಿಯದ ಆ ತಾಯಿಯು ಮಗನ ಮುಖದಿಂದಲೇ ಓದಿಕೊಂಡಳು. ನ್ಯಾಯ ವ್ಯಾಕರಣಗಳನ್ನು ಓದಿದ ನಾವು ಓದಲಾರದೆ ಹೋದೆವು. ಬುದ್ಧಿಯ ಸಾಮುಗಳು ಮುಂದೆ ಇನ್ನೂ ಒಳ್ಳೆಯ ರೂಪದಲ್ಲಿ ಬರಬಹುದು. ನಮ್ಮ ಭಾಷೆಗೆ, ನಮ್ಮ ಜನರ ಮುಖಭಾವಗಳಿಗೆ ಹೊಂದುವಂತೆಯೂ ಬರಲಿ, ಬಂದಾಗ ಸ್ವಾಗತಿಸೋಣ. ಅಲ್ಲಿಯವರೆಗೆ ಮನೆಯಲ್ಲಿ ಯಾರಾದರೂ ‘ಓದಿದ್ದು ನಿಲ್ಲುವುದಿಲ್ಲ, ಮಾಡಿದ್ದು ನೆನಪಿರುವುದಿಲ್ಲ’ ಎಂದಾಗ ಗದರಿಸುವುದಕ್ಕೆ ಮುಂಚೆ ಒಂದು ಸಲ ಅವರ ಮುಖವನ್ನು ಚೆನ್ನಾಗಿ ನೋಡುವ ಅಭ್ಯಾಸವನ್ನಾದರೂ ನಾವು ಮಾಡಿಕೊಳ್ಳೋಣ.